ಸಲ್ಲಿಸು ಬಟನ್ ಒತ್ತಿದ ಮೇಲೆ ಏನಾಗುತ್ತದೆ? ಒಂದು ಫ್ಲೋ ರಿಪೇರಿಯ ದಾಖಲೆ

ನಮ್ಮಲ್ಲಿ ಸ್ಟೋರ್‌ನಿಂದ ಸಾಮಾನು ಬೇಕಾದವರು ನಾನು ಮಾಡಿದ ಆ್ಯಪ್‌ನಲ್ಲಿ ಕೋರಿಕೆ ಹಾಕುತ್ತಾರೆ. ಸ್ಟೋರ್ ನೋಡಿಕೊಳ್ಳುವ ಸಹೋದ್ಯೋಗಿ ಮೂರು ಪ್ರಿಂಟ್ ತಂದು ನನ್ನ ಮೇಜಿನ ಮೇಲೆ ಇಟ್ಟರು. "ಇವು ಮೂರೂ ಒಂದೇ ಕೋರಿಕೆನಾ, ಇಲ್ಲ ಮೂರು ಸಲ ಬೇಕಂತಾ?" ಎಂದು ಕೇಳಿದರು. ಮೂರರಲ್ಲೂ ಅದೇ ಹೆಸರು, ಅದೇ ಸಾಮಾನು, ಅದೇ ಲೆಕ್ಕ. ಸಮಯದಲ್ಲಿ ಮಾತ್ರ ಕೆಲವು ಸೆಕೆಂಡ್ ವ್ಯತ್ಯಾಸ ಇತ್ತು. ಅದೇ ವಾರ ಇನ್ನೊಬ್ಬರು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೋರಿಸಿದರು. "ಕೋರಿಕೆ ತಲುಪಿದೆ" ಎಂಬ ಹಸಿರು ಪಟ್ಟಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಟೋರ್‌ಗೆ ಮಾತ್ರ ಏನೂ ತಲುಪಿರಲಿಲ್ಲ. ಅವರು ನಾಲ್ಕು ದಿನ ಕಾದಿದ್ದರು.

ಮೂರು ಪ್ರಿಂಟ್ ಬಂದದ್ದು ಕಿರಿಕಿರಿ ಅಷ್ಟೇ. ಎರಡನೆಯದು ನನ್ನನ್ನು ತುಂಬಾ ಕಾಡಿತು. ಆ ಹಸಿರು ಪಟ್ಟಿ ನಾನೇ ಹಾಕಿದ್ದು. ಅದನ್ನು ನಂಬಿ ಒಬ್ಬರು ಕೆಲಸ ನಿಲ್ಲಿಸಿಕೊಂಡು ಕಾದಿದ್ದರು. ಹಾಗಾಗಿ ಈ ರಿಪೇರಿಗೆ ಒಂದೇ ಗುರಿ ಇಟ್ಟುಕೊಂಡೆ: ಬಟನ್ ಒತ್ತಿದವರಿಗೆ ಆ್ಯಪ್ ನಿಜ ಹೇಳಬೇಕು.

ಮೊದಲು ಏನಿತ್ತು

ಇದು ಪವರ್ ಆ್ಯಪ್ಸ್‌ನಲ್ಲಿ, ಅಂದರೆ ಹೆಚ್ಚು ಕೋಡ್ ಬರೆಯದೆ ಆ್ಯಪ್ ಮಾಡುವ ಮೈಕ್ರೋಸಾಫ್ಟ್ ಸಾಧನದಲ್ಲಿ, ಮಾಡಿದ ಕ್ಯಾನ್ವಾಸ್ ಆ್ಯಪ್ (ಪರದೆಯನ್ನು ನಾವೇ ಜೋಡಿಸುವ ಬಗೆ). ಡೇಟಾ ಶೇರ್‌ಪಾಯಿಂಟ್ ಲಿಸ್ಟ್‌ಗಳಲ್ಲಿದೆ, ಅಂದರೆ ಆನ್‌ಲೈನ್ ಕೋಷ್ಟಕಗಳಲ್ಲಿ. ಕೋರಿಕೆಗಳಿಗೆ ಒಂದು ಲಿಸ್ಟ್, ಪ್ರತಿ ಕೋರಿಕೆಯೊಳಗಿನ ಸಾಮಾನುಗಳಿಗೆ ಇನ್ನೊಂದು. ಹಿಂದೆ ನಡೆಯುವ ಕೆಲಸಕ್ಕೆ ಪವರ್ ಆಟೊಮೇಟ್, ಅಂದರೆ ಕೆಲಸದ ಹೆಜ್ಜೆಗಳನ್ನು ತಾನಾಗಿಯೇ ನಡೆಸುವ ಸಾಧನ. 2019ರ ತನಕ ಅದರ ಹೆಸರು ಮೈಕ್ರೋಸಾಫ್ಟ್ ಫ್ಲೋ ಎಂದಿತ್ತು. ಹೆಸರು ಬದಲಾದರೂ ಅದರಲ್ಲಿ ಕಟ್ಟಿದ ಹೆಜ್ಜೆಗಳ ಸರಣಿಗೆ ಇವತ್ತಿಗೂ ಎಲ್ಲರೂ ಫ್ಲೋ ಅಂತಲೇ ಹೇಳುತ್ತಾರೆ.

"ಸಲ್ಲಿಸು" ಬಟನ್ ಒಂದರ ಹಿಂದೆ ಒಂದು ಮೂರು ಕೆಲಸ ಮಾಡುತ್ತಿತ್ತು. ಪ್ಯಾಚ್ ಫಂಕ್ಷನ್ನಿನಿಂದ ಕೋರಿಕೆಯನ್ನು ಲಿಸ್ಟ್‌ಗೆ ಬರೆಯುತ್ತಿತ್ತು. ಆಮೇಲೆ ಫ್ಲೋ ಹೆಸರಿನ ಮುಂದೆ ರನ್ ಎಂದು ಬರೆದು ಅದನ್ನು ನೇರವಾಗಿ ಕರೆಯುತ್ತಿತ್ತು. ಕೊನೆಗೆ ನೋಟಿಫೈ ಮೂಲಕ ಹಸಿರು ಪಟ್ಟಿ ತೋರಿಸುತ್ತಿತ್ತು.

ಫ್ಲೋ ಸಾಮಾನುಗಳನ್ನು ಓದಿ, ಸ್ಟಾಕ್ ನೋಡಿ, ಪಿಡಿಎಫ್ ಮಾಡಿ, ಮೇಲ್ ಕಳಿಸಿ, ಆಮೇಲೆ ಆ್ಯಪ್‌ಗೆ ಉತ್ತರ ಕೊಡುತ್ತಿತ್ತು. ಉತ್ತರ ಕೊಟ್ಟ ಮೇಲೆ ಮೇಲಧಿಕಾರಿಯ ಅಪ್ರೂವಲ್‌ಗೆ ಕಾಯುತ್ತಿತ್ತು. ಎಲ್ಲ ಕೆಲಸ ಒಂದೇ ಫ್ಲೋನಲ್ಲಿ.

ರನ್ ಹಿಸ್ಟರಿ ಏನು ಹೇಳಿತು

ಇಂಥ ರಿಪೇರಿಯಲ್ಲಿ ಮೊದಲು ತೆರೆಯಬೇಕಾದದ್ದು ರನ್ ಹಿಸ್ಟರಿ, ಅಂದರೆ ಫ್ಲೋ ಓಡಿದ ಪ್ರತಿ ಸಲದ ದಾಖಲೆ. ಅದು 28 ದಿನಗಳದ್ದು ಮಾತ್ರ ಸಿಗುತ್ತದೆ. ಹಾಗಾಗಿ ದೂರು ಬಂದ ದಿನವೇ ನೋಡುವುದು ಒಳ್ಳೆಯದು. ನಾನು ಬೇಕಾದ ರನ್‌ಗಳ ಸಮಯ ಮತ್ತು ಎರರ್‌ಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡೆ.

ಮೂರು ಪ್ರಿಂಟ್ ಯಾಕೆ ಬಂತು ಅನ್ನುವುದು ಬೇಗ ಗೊತ್ತಾಯಿತು. ಫ್ಲೋ ಉತ್ತರ ಕೊಡುವ ಹೊತ್ತಿಗೆ ಅರ್ಧ ನಿಮಿಷ ಆಗುತ್ತಿತ್ತು. ಅಲ್ಲಿಯ ತನಕ ಪರದೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ. ಏನೂ ಆಗದಿದ್ದರೆ ಯಾರಾದರೂ ಇನ್ನೊಮ್ಮೆ ಒತ್ತುತ್ತಾರೆ ಅಲ್ವಾ? ಮೂರು ಸಲ ಒತ್ತಿದರು, ಮೂರು ಕೋರಿಕೆ ಹುಟ್ಟಿತು. ಇನ್ನೂ ತಡವಾಗಿದ್ದರೆ ಬೇರೆ ಕಷ್ಟ ಇತ್ತು. ಹೀಗೆ ನೇರವಾಗಿ ಕರೆದ ಫ್ಲೋ 120 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ಆ್ಯಪ್ ಕಡೆ ಎರರ್ ಬರುತ್ತದೆ.

ತಲುಪದೇ ಹೋದ ಕೋರಿಕೆಯ ರನ್ ಕೆಂಪಾಗಿತ್ತು. ಸ್ಟಾಕ್ ಲಿಸ್ಟ್ ಓದುವ ಹೆಜ್ಜೆಯಲ್ಲಿ ಅನುಮತಿ ಇಲ್ಲ ಎಂದು ನಿಂತಿತ್ತು. ಆ್ಯಪ್‌ನಿಂದ ಕರೆದ ಫ್ಲೋ, ನಾವು ಬೇರೆ ರೀತಿ ಹೇಳದಿದ್ದರೆ, ಬಟನ್ ಒತ್ತಿದವರ ಕನೆಕ್ಷನ್ ಮೇಲೆ, ಅಂದರೆ ಅವರ ಅಕೌಂಟಿನ ಹಕ್ಕಿನಲ್ಲಿ, ಓಡುತ್ತದೆ. ಅವರು ಹೊಸಬರು. ಸ್ಟಾಕ್ ಲಿಸ್ಟ್ ನೋಡುವ ಹಕ್ಕು ಅವರಿಗೆ ಕೊಟ್ಟಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದೆಲ್ಲ ನನ್ನ ಅಕೌಂಟಿನಲ್ಲಿ, ನನಗೆ ಎಲ್ಲದಕ್ಕೂ ಹಕ್ಕು ಇತ್ತು. ಹಾಗಾಗಿ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಸರಿ, ಫ್ಲೋ ಬಿದ್ದುಹೋಯಿತು. ಹಾಗಿದ್ದರೆ ಹಸಿರು ಪಟ್ಟಿ ಯಾಕೆ ಬಂತು? ಪವರ್ ಆ್ಯಪ್ಸ್ ಸೂತ್ರದಲ್ಲಿ ಸೆಮಿಕೋಲನ್ ಹಾಕಿ ಒಂದರ ಹಿಂದೆ ಒಂದು ಕೆಲಸ ಬರೆದಾಗ, ಮೊದಲನೆಯದು ತಪ್ಪಿದರೂ ಮುಂದಿನವು ನಿಲ್ಲುವುದಿಲ್ಲ. ಪ್ಯಾಚ್ ಸೋಲಲಿ, ರನ್ ಸೋಲಲಿ, ನೋಟಿಫೈ ತನ್ನ ಪಾಡಿಗೆ ತಾನು ನಡೆಯುತ್ತದೆ. "ತಲುಪಿದೆ" ಎಂಬ ಮಾತು ಯಾವುದನ್ನೂ ನೋಡದೆ ಬರುತ್ತಿತ್ತು. ಈ ಒಂದು ಸಂಗತಿ ಗೊತ್ತಾದ ಮೇಲೆ ನನ್ನ ಉಳಿದ ಆ್ಯಪ್‌ಗಳ ಎಲ್ಲ ಬಟನ್‌ಗಳನ್ನೂ ತೆರೆದು ನೋಡಿದೆ. ನಿಮ್ಮ ಆ್ಯಪ್‌ನಲ್ಲೂ ಒಮ್ಮೆ ನೋಡಿ.

ಫ್ಲೋ ಕರೆಯುವುದನ್ನೇ ಬಿಟ್ಟೆ

ಯೋಚಿಸಿದಾಗ ಅನ್ನಿಸಿದ್ದು ಇಷ್ಟು. ಒತ್ತಿದವರಿಗೆ ಆ ಕ್ಷಣಕ್ಕೆ ಬೇಕಾದದ್ದು "ನಿಮ್ಮ ಕೋರಿಕೆ ಬರೆದುಕೊಂಡೆವು, ಇದು ಅದರ ನಂಬರ್" ಅನ್ನುವ ಉತ್ತರ. ಅಪ್ರೂವಲ್, ಮೇಲ್, ಸ್ಟಾಕ್ ಲೆಕ್ಕ ಎಲ್ಲ ಅವರು ಫೋನ್ ಜೇಬಿಗಿಟ್ಟ ಮೇಲೆ ನಡೆದರೂ ಸಾಕು. ನಂಬರ್‌ಗಾಗಿ ಫ್ಲೋ ಬೇಕಾಗಿಯೂ ಇಲ್ಲ. ಪ್ಯಾಚ್ ತಾನು ಬರೆದ ಸಾಲನ್ನೇ ಹಿಂದಕ್ಕೆ ಕೊಡುತ್ತದೆ, ಶೇರ್‌ಪಾಯಿಂಟ್ ಕೊಟ್ಟ ಐಡಿ ಅದರಲ್ಲೇ ಇರುತ್ತದೆ.

ಹಾಗಾಗಿ ಬಟನ್‌ನಿಂದ ಫ್ಲೋ ಕರೆಯುವುದನ್ನು ತೆಗೆದೆ. ಆ್ಯಪ್ ಸಾಲು ಬರೆಯುತ್ತದೆ, ಲಿಸ್ಟ್‌ನಲ್ಲಿ ಹೊಸ ಸಾಲು ಕಂಡಾಗ ಫ್ಲೋ ತಾನಾಗಿಯೇ ಏಳುತ್ತದೆ. ಇಂಥ ಫ್ಲೋ ಮಾಡಿದವರ ಕನೆಕ್ಷನ್ ಮೇಲೆ ಓಡುವುದರಿಂದ ಹೊಸಬರ ಅನುಮತಿಯ ತೊಂದರೆಯೂ ತಪ್ಪಿತು. ಅದನ್ನು ನನ್ನ ಸ್ವಂತ ಅಕೌಂಟಿನಲ್ಲಿ ಇಡಲಿಲ್ಲ. ನಾನು ಪಾಸ್‌ವರ್ಡ್ ಬದಲಿಸಿದ ದಿನವೋ ಕೆಲಸ ಬಿಟ್ಟ ದಿನವೋ ಎಲ್ಲರ ಕೋರಿಕೆ ನಿಂತುಹೋಗಬಾರದು. ಈ ಕೆಲಸಕ್ಕೆಂದೇ ಇಟ್ಟ ಬೇರೆ ಅಕೌಂಟ್ ಕೇಳಿ ಪಡೆದೆ.

ಒಂದು ನಷ್ಟ ಇದೆ. ಶೇರ್‌ಪಾಯಿಂಟ್ ಟ್ರಿಗರ್, ಅಂದರೆ ಫ್ಲೋವನ್ನು ಎಬ್ಬಿಸುವ ಭಾಗ, ಆಗಾಗ ಲಿಸ್ಟ್ ಇಣುಕಿ ನೋಡುವ ಬಗೆಯದು. ಸಾಲು ಬಿದ್ದ ಕೂಡಲೇ ಏಳುವುದಿಲ್ಲ, ಕೆಲವು ನಿಮಿಷ ತಡ ಆಗಬಹುದು. ಸಾಮಾನು ಕೋರಿಕೆಗೆ ಅದು ನಡೆಯುತ್ತದೆ.

ಮೊದಲ ಪ್ರಯತ್ನ: ಸಾಮಾನೇ ಇಲ್ಲದ ಕೋರಿಕೆ

ಕೋರಿಕೆ ಲಿಸ್ಟ್‌ನಲ್ಲಿ ಸಾಲು ಹುಟ್ಟಿದಾಗ ಓಡುವಂತೆ ಟ್ರಿಗರ್ ಇಟ್ಟೆ. ಪರೀಕ್ಷೆಯಲ್ಲಿ ಚೆನ್ನಾಗಿ ನಡೆಯಿತು. ಹತ್ತನೆಯದೋ ಹನ್ನೊಂದನೆಯದೋ ಸಲ ಮೇಲ್ ಬಂತು, ಒಳಗೆ ಒಂದೂ ಸಾಮಾನು ಇರಲಿಲ್ಲ.

ಕಾರಣ ಸರಳ. ಆ್ಯಪ್ ಮೊದಲು ಕೋರಿಕೆಯ ಸಾಲು ಬರೆಯುತ್ತದೆ. ಅದರ ಐಡಿ ತೆಗೆದುಕೊಂಡು ಆಮೇಲೆ ಸಾಮಾನುಗಳ ಸಾಲು ಬರೆಯುತ್ತದೆ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಟ್ರಿಗರ್ ಇಣುಕಿ ನೋಡಿದರೆ ಕೋರಿಕೆ ಕಾಣುತ್ತದೆ, ಸಾಮಾನು ಕಾಣುವುದಿಲ್ಲ. ನೆಟ್‌ವರ್ಕ್ ನಿಧಾನ ಇದ್ದಷ್ಟೂ ಸಂದಿ ದೊಡ್ಡದು. ಫ್ಲೋನಲ್ಲಿ ಒಂದು ನಿಮಿಷದ ಡಿಲೇ ಹಾಕೋಣ ಅನ್ನಿಸಿತು. ಆದರೆ ಅದು ತಪ್ಪನ್ನು ಅಪರೂಪ ಮಾಡುತ್ತದೆ ಅಷ್ಟೇ, ತೆಗೆಯುವುದಿಲ್ಲ. ಅಪರೂಪಕ್ಕೆ ಬರುವ ತಪ್ಪು ಹುಡುಕುವುದು ಜಾಸ್ತಿ ಕಷ್ಟ.

ಎರಡನೆಯ ಪ್ರಯತ್ನ: ಸ್ಥಿತಿ ಕಾಲಂ

ಕೋರಿಕೆಗೆ "ಸ್ಥಿತಿ" ಎಂಬ ಕಾಲಂ ಸೇರಿಸಿದೆ. ಮೊದಲು "ಕರಡು" ಎಂದು ಬರೆದು, ಸಾಮಾನುಗಳೆಲ್ಲ ಬರೆದಾದ ಮೇಲೆ "ಸಲ್ಲಿಕೆ" ಎಂದು ಬದಲಿಸುವುದು. ಟ್ರಿಗರ್ ಈಗ ಸಾಲು ಹುಟ್ಟಿದಾಗ ಅಥವಾ ಬದಲಾದಾಗ ಓಡುವ ಬಗೆಯದು. ಟ್ರಿಗರ್ ಸೆಟ್ಟಿಂಗ್ಸ್‌ನಲ್ಲಿ ಷರತ್ತು ಹಾಕುವ ಜಾಗ ಇದೆ. ಸ್ಥಿತಿ "ಸಲ್ಲಿಕೆ" ಆಗಿದ್ದರೆ ಮಾತ್ರ ಓಡು ಎಂದು ಅಲ್ಲಿ ಬರೆದೆ. ಷರತ್ತನ್ನು ಫ್ಲೋನ ಒಳಗೆ ಹಾಕದೆ ಟ್ರಿಗರ್‌ನಲ್ಲೇ ಹಾಕಿದರೆ ಬೇಡದ ರನ್ ಶುರುವೇ ಆಗುವುದಿಲ್ಲ. ಸುಮ್ನೆ ಲೆಕ್ಕಕ್ಕೆ ರನ್ ಸೇರುವುದಿಲ್ಲ, ಹಿಸ್ಟರಿಯೂ ಶುಚಿಯಾಗಿರುತ್ತದೆ.

ಈ ಷರತ್ತು ಇನ್ನೊಂದು ದೊಡ್ಡ ಅಪಾಯವನ್ನೂ ತಡೆಯುತ್ತದೆ. ಸಾಲು ಬದಲಾದಾಗ ಏಳುವ ಫ್ಲೋ ಅದೇ ಸಾಲನ್ನು ಬದಲಿಸಿದರೆ ತನ್ನನ್ನು ತಾನೇ ಮತ್ತೆ ಎಬ್ಬಿಸಿಕೊಳ್ಳುತ್ತದೆ. ಕೊನೆಯೇ ಇಲ್ಲದ ಸುತ್ತು. ನಾನು ಫ್ಲೋನ ಮೊದಲ ಹೆಜ್ಜೆಯಲ್ಲೇ ಸ್ಥಿತಿಯನ್ನು "ಕೈಗೆತ್ತಿಕೊಂಡಿದೆ" ಎಂದು ಬದಲಿಸಿದೆ. ಹಾಗಾಗಿ ಎರಡನೇ ಸುತ್ತು ಷರತ್ತಿನಲ್ಲೇ ನಿಲ್ಲುತ್ತದೆ.

ಖುಷಿಯಾಗಿತ್ತು. ಮೂರನೇ ದಿನ ಒಂದು ಕೋರಿಕೆಗೆ ಎರಡು ಅಪ್ರೂವಲ್ ಹೋಯಿತು. ಫ್ಲೋ ಸ್ಥಿತಿ ಬದಲಿಸುವ ಮುಂಚೆಯೇ ಯಾರೋ ಅದೇ ಸಾಲಿನ ಟಿಪ್ಪಣಿ ತಿದ್ದಿದ್ದರು. ಸ್ಥಿತಿ ಇನ್ನೂ "ಸಲ್ಲಿಕೆ" ಆಗಿದ್ದರಿಂದ ಟ್ರಿಗರ್ ಅದನ್ನೂ ಒಪ್ಪಿಕೊಂಡಿತ್ತು.

ಆಗ ಟ್ರಿಗರ್‌ನ ಕನ್‌ಕರೆನ್ಸಿ ಕಂಟ್ರೋಲ್ (ಒಟ್ಟಿಗೆ ಎಷ್ಟು ರನ್ ಓಡಬಹುದು ಎಂಬ ಮಿತಿ) ಆನ್ ಮಾಡಿ, ಒಂದು ಸಲಕ್ಕೆ ಒಂದೇ ರನ್ ಎಂದು ಇಟ್ಟೆ. ಒಂದು ಮುಗಿದ ಮೇಲೆ ಇನ್ನೊಂದು ಶುರುವಾದರೆ, ಎರಡನೆಯದು ಸಾಲನ್ನು ಹೊಸದಾಗಿ ಓದಿ "ಓ, ಇದು ಆಗಲೇ ಆಗಿದೆ" ಎಂದು ಹೊರಗೆ ಬರಬಹುದು. ಲೆಕ್ಕ ಸರಿ ಇತ್ತು. ಆದರೆ ಇದೇ ಫ್ಲೋ ಅಪ್ರೂವಲ್‌ಗೂ ಕಾಯುತ್ತದೆ ಅನ್ನುವುದು ಮರೆತಿದ್ದೆ. ಕಾಯುತ್ತಿರುವ ರನ್ ಕೂಡ ಓಡುತ್ತಿರುವ ರನ್ನೇ. ಒಬ್ಬ ಅಧಿಕಾರಿ ಎರಡು ದಿನ ಉತ್ತರ ಕೊಡಲಿಲ್ಲ, ಅವರ ಹಿಂದೆ ಎಲ್ಲರ ಕೋರಿಕೆಯೂ ಸಾಲುಗಟ್ಟಿ ನಿಂತಿತು. ಒಂದು ರನ್ 30 ದಿನಗಳ ತನಕ ಬದುಕಿರಬಹುದು. ಅಂದರೆ ಕೆಟ್ಟ ಸಂದರ್ಭದಲ್ಲಿ ಒಂದು ತಿಂಗಳು ಸ್ಟೋರ್ ಬಾಗಿಲು ಮುಚ್ಚಿದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಆ ಕಂಟ್ರೋಲ್ ಒಮ್ಮೆ ಆನ್ ಮಾಡಿದರೆ ಮತ್ತೆ ಆಫ್ ಮಾಡಲು ಆಗುವುದಿಲ್ಲ. ಆನ್ ಮಾಡುವ ಜಾಗದಲ್ಲೇ ಹಾಗೆಂದು ಬರೆದಿದೆ, ನಾನು ಆತುರದಲ್ಲಿ ಓದದೆ ಒತ್ತಿದೆ. ಹೊಸ ಫ್ಲೋ ಮಾಡಬೇಕಾಯಿತು.

ಮೂರನೆಯ ಪ್ರಯತ್ನ: ಚೀಟಿ ಪೆಟ್ಟಿಗೆ

ಹೇಗೂ ಹೊಸದು ಮಾಡಬೇಕಿತ್ತು. ಒಂದು ಸಂಜೆ ಕಾಗದ ತೆಗೆದುಕೊಂಡು ಬರೆಯುತ್ತಾ ಕೂತೆ. ನನ್ನ ಎಲ್ಲ ತೊಂದರೆಗೂ ಮೂಲ ಒಂದೇ ಅನ್ನಿಸಿತು. ಕೋರಿಕೆಯ ಸಾಲು ಎರಡು ಕೆಲಸ ಮಾಡುತ್ತಿತ್ತು. ಅದು ದಾಖಲೆಯೂ ಹೌದು, ಫ್ಲೋವನ್ನು ಎಬ್ಬಿಸುವ ಗಂಟೆಯೂ ಹೌದು. ದಾಖಲೆಯನ್ನು ಜನ ದಿನಾ ತಿದ್ದುತ್ತಾರೆ, ತಿದ್ದಬೇಕು ಕೂಡ. ತಿದ್ದಿದಾಗೆಲ್ಲ ಗಂಟೆ ಹೊಡೆದರೆ ಹೇಗೆ?

ಹಾಗಾಗಿ ಮೂರನೇ ಲಿಸ್ಟ್ ಮಾಡಿದೆ. ಹೆಸರು "ಚೀಟಿಗಳು". ಕಾಲಂ ಕೆಲವೇ: ಕೋರಿಕೆ ನಂಬರ್, ಏನು ಮಾಡಬೇಕು, ಒಂದು ಟೋಕನ್ (ಇದರ ಕೆಲಸ ಮುಂದೆ ಹೇಳುತ್ತೇನೆ), ಎತ್ತಿಕೊಂಡ ಸಮಯ. ಆ್ಯಪ್ ಕೋರಿಕೆ ಬರೆಯುತ್ತದೆ, ಸಾಮಾನು ಬರೆಯುತ್ತದೆ, ಎರಡೂ ಸರಿಯಾದ ಮೇಲೆ ಕೊನೆಗೆ ಒಂದು ಚೀಟಿ ಹಾಕುತ್ತದೆ. ಫ್ಲೋ ನೋಡುವುದು ಚೀಟಿ ಲಿಸ್ಟ್ ಮಾತ್ರ, ಅದೂ ಹೊಸ ಸಾಲು ಹುಟ್ಟಿದಾಗ ಮಾತ್ರ. ಚೀಟಿ ಬಿದ್ದಿದೆ ಅಂದರೆ ಸಾಮಾನು ಅದಕ್ಕೂ ಮುಂಚೆಯೇ ಬರೆದಾಗಿದೆ. ಕೋರಿಕೆಯ ಸಾಲನ್ನು ಯಾರು ಎಷ್ಟು ತಿದ್ದಿದರೂ ಫ್ಲೋ ಏಳುವುದಿಲ್ಲ. ಫ್ಲೋ ತಾನೇ ತಿದ್ದಿದರೂ ಸುತ್ತು ಹುಟ್ಟುವುದಿಲ್ಲ. ಟ್ರಿಗರ್ ಷರತ್ತು, ಕನ್‌ಕರೆನ್ಸಿ ಯಾವುದೂ ಬೇಡವಾಯಿತು. ಅಪ್ರೂವಲ್‌ಗಾಗಿ ಹತ್ತು ರನ್ ಒಟ್ಟಿಗೆ ಕಾದರೂ ಯಾರಿಗೂ ಅಡ್ಡಿ ಇಲ್ಲ.

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಡೇಟಾವರ್ಸ್ ಬಳಸುವವರಿಗೆ ಟ್ರಿಗರ್‌ನಲ್ಲೇ ಯಾವ ಕಾಲಂ ಬದಲಾದರೆ ಏಳಬೇಕು ಎಂದು ಹೇಳುವ ಸೌಲಭ್ಯ ಇದೆ. ಆ್ಯಪ್ ಮಾಡುವ ಗೂಗಲ್ ಸಾಧನ ಆ್ಯಪ್‌ಶೀಟ್‌ನಲ್ಲೂ ಹೊಸ ಸಾಲು ಸೇರಿದಾಗ ಮಾತ್ರ ಎಂದು ಆರಿಸಬಹುದು. ಸಾಧನ ಯಾವುದಾದರೂ ಚೀಟಿಯ ಲಿಸ್ಟ್ ಬೇರೆ ಇಡುವುದೇ ನನಗೆ ಇಷ್ಟ. ಏನು ಕೇಳಿದರು, ಯಾವಾಗ ಕೇಳಿದರು, ಎತ್ತಿಕೊಂಡದ್ದು ಯಾವಾಗ ಎಂಬುದು 28 ದಿನ ಕಳೆದ ಮೇಲೂ ಕಣ್ಣೆದುರು ಇರುತ್ತದೆ.

ಎರಡು ಸಲ ಒತ್ತಿದರೆ

ಒತ್ತಿದ ಕೂಡಲೇ ಬಟನ್ ಮಂಕಾಗುವ ಹಾಗೆ ಮಾಡಿದೆ. ಒಂದು ವೇರಿಯಬಲ್ ಟ್ರೂ ಆಗುತ್ತದೆ, ಅದು ಟ್ರೂ ಇರುವ ತನಕ ಬಟನ್‌ನ ಡಿಸ್‌ಪ್ಲೇ ಮೋಡ್ ಡಿಸೇಬಲ್ಡ್. ಇದರಿಂದಲೇ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ಉಳಿದದ್ದು ನೆಟ್‌ವರ್ಕ್ ಕೈಕೊಟ್ಟಾಗ ಬರುವುದು, ಅದಕ್ಕೇ ಟೋಕನ್.

ಹೊಸ ಕೋರಿಕೆಯ ಪರದೆ ತೆರೆದಾಗ ಜಿಯುಐಡಿ ಫಂಕ್ಷನ್ನಿನಿಂದ ಒಂದು ಟೋಕನ್, ಅಂದರೆ ಬೇರೆ ಯಾವುದಕ್ಕೂ ಇರದ ಗುರುತು, ಹುಟ್ಟಿಸಿ ಇಟ್ಟುಕೊಳ್ಳುತ್ತೇನೆ. ಎಷ್ಟು ಸಲ ಒತ್ತಿದರೂ ಆ ಪರದೆಗೆ ಅದೇ ಟೋಕನ್. ಚೀಟಿ ಲಿಸ್ಟ್‌ನ ಟೋಕನ್ ಕಾಲಂನಲ್ಲಿ ಒಂದೇ ಟೋಕನ್ ಎರಡು ಸಲ ಬರಬಾರದು ಎಂಬ ಸೆಟ್ಟಿಂಗ್ ಆನ್ ಮಾಡಿದೆ. ಶೇರ್‌ಪಾಯಿಂಟ್ ಅದಕ್ಕೆ ಕಾಲಂ ಇಂಡೆಕ್ಸ್ ಆಗಿರಬೇಕು (ಬೇಗ ಹುಡುಕಲು ಸೂಚಿ ಇರಬೇಕು) ಅನ್ನುತ್ತದೆ, ಅದನ್ನು ಒಪ್ಪಿಕೊಂಡರೆ ಸಾಕು. ಈಗ ಅದೇ ಕೋರಿಕೆಗೆ ಎರಡನೇ ಚೀಟಿ ಬಂದರೆ ಲಿಸ್ಟೇ ತಳ್ಳಿಹಾಕುತ್ತದೆ. ನನ್ನ ಸೂತ್ರದಲ್ಲಿ ತಪ್ಪಿದ್ದರೂ ಈ ಕಾವಲು ಕೆಲಸ ಮಾಡುತ್ತದೆ.

ಒಂದು ಸೂಕ್ಷ್ಮ ಸಂದರ್ಭ ಉಳಿಯಿತು. ಚೀಟಿ ನಿಜವಾಗಿ ಬಿದ್ದಿದೆ, ಆದರೆ "ಬಿತ್ತು" ಎಂಬ ಉತ್ತರ ಬರುವ ದಾರಿಯಲ್ಲಿ ನೆಟ್‌ವರ್ಕ್ ಹೋಯಿತು ಅನ್ನಿ. ಆ್ಯಪ್‌ಗೆ ಎರರ್ ಕಾಣುತ್ತದೆ. ಮತ್ತೆ ಒತ್ತಿದರೆ ಟೋಕನ್ ಆಗಲೇ ಇದೆ ಎಂದು ಇನ್ನೊಂದು ಎರರ್. ಕೋರಿಕೆ ತಲುಪಿದ್ದರೂ ತಲುಪಿಲ್ಲ ಎಂದು ಹೇಳಿದಂತೆ ಆಗುತ್ತದೆ. ಹಸಿರು ಪಟ್ಟಿಯ ಸುಳ್ಳನ್ನೇ ತಿರುಗಿಸಿ ಹೇಳಿದ ಹಾಗೆ. ಹಾಗಾಗಿ ಎರರ್ ಬಂದಾಗ ಲಿಸ್ಟ್ ರಿಫ್ರೆಶ್ ಮಾಡಿ, ಲುಕ್‌ಅಪ್‌ನಿಂದ ಆ ಟೋಕನ್ ಹುಡುಕಿಸುತ್ತೇನೆ. ಸಿಕ್ಕರೆ ಕೋರಿಕೆ ತಲುಪಿದೆ. ಸಿಗದಿದ್ದರೆ ಕೆಂಪು ಪಟ್ಟಿ, ಬಟನ್‌ಗೆ ಮತ್ತೆ ಜೀವ. ಮರುಪ್ರಯತ್ನದಲ್ಲಿ ಹೊಸ ಕೋರಿಕೆ ಹುಟ್ಟಬಾರದು. ಮೊದಲ ಸಲ ಬರೆದ ಸಾಲನ್ನು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಅದನ್ನೇ ಮುಂದುವರಿಸಿ, ಅದರ ಅರ್ಧಂಬರ್ಧ ಸಾಮಾನುಗಳನ್ನು ಅಳಿಸಿ ಮತ್ತೆ ಬರೆಯುತ್ತೇನೆ.

ಇದೆಲ್ಲ ಇಫ್‌ಎರರ್ ಫಂಕ್ಷನ್ನಿನ ಒಳಗೆ ಕೂತಿದೆ. ಮೊದಲ ಜಾಗದಲ್ಲಿ ಕೆಲಸ, ಎರಡನೆಯದರಲ್ಲಿ ತಪ್ಪಿದರೆ ಏನು, ಮೂರನೆಯದರಲ್ಲಿ ಸರಿಯಾದರೆ ಏನು. ಹಸಿರು ಪಟ್ಟಿ ಈಗ ಮೂರನೆಯ ಜಾಗದಲ್ಲಿದೆ.

ಫ್ಲೋ ಒಳಗೆ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಸಾಮಾನಿಗೊಂದು ಮೇಲ್ ಹೋಗುತ್ತಿದ್ದುದನ್ನು ಒಂದೇ ಎಚ್‌ಟಿಎಂಎಲ್ ಟೇಬಲ್ ಇರುವ ಒಂದು ಮೇಲ್ ಮಾಡಿದೆ. ಅಪ್ರೂವಲ್ ಹೆಜ್ಜೆಗೆ 7 ದಿನದ ಟೈಮ್‌ಔಟ್ ಕೊಟ್ಟೆ. ದಾಟಿದರೆ ಕೋರಿಕೆಯಲ್ಲಿ "ಉತ್ತರ ಬಂದಿಲ್ಲ" ಎಂದು ಬರೆದು ಕೇಳಿದವರಿಗೆ ತಿಳಿಸುತ್ತದೆ.

ಎಲ್ಲ ಹೆಜ್ಜೆಗಳನ್ನೂ ಒಂದು ಸ್ಕೋಪ್‌ನಲ್ಲಿ (ಹೆಜ್ಜೆಗಳನ್ನು ಒಟ್ಟಿಗೆ ಇಡುವ ಗುಂಪು) ಇಟ್ಟು, ಅದರ ಕೆಳಗೆ ಇನ್ನೊಂದು ಸ್ಕೋಪ್. ಮೇಲಿನದು ಸೋತರೆ ಅಥವಾ ಟೈಮ್‌ಔಟ್ ಆದರೆ ಮಾತ್ರ ಕೆಳಗಿನದು ಓಡಬೇಕು ಎಂದು ರನ್ ಆಫ್ಟರ್ ಸೆಟ್ಟಿಂಗ್‌ನಲ್ಲಿ ಹೇಳಿದೆ. ಅದು ಕೋರಿಕೆಯ ಸ್ಥಿತಿಯನ್ನು "ತೊಂದರೆಯಾಗಿದೆ" ಮಾಡಿ ನನಗೆ ಮೇಲ್ ಕಳಿಸುತ್ತದೆ. ಕೊನೆಯಲ್ಲಿ ಟರ್ಮಿನೇಟ್ ಹೆಜ್ಜೆ ಇಟ್ಟು ಫೇಲ್ಡ್ ಎಂದು ಮುಗಿಸುವುದು ಮರೆಯಬೇಡಿ. ಇಲ್ಲದಿದ್ದರೆ ತಪ್ಪು ಹಿಡಿಯುವ ಸ್ಕೋಪ್ ಸರಿಯಾಗಿ ಓಡಿತು ಎಂಬ ಕಾರಣಕ್ಕೆ ಇಡೀ ರನ್ ಹಿಸ್ಟರಿಯಲ್ಲಿ ಹಸಿರಾಗಿ ಕಾಣುತ್ತದೆ. ಹಸಿರಿನ ಸುಳ್ಳು ಇಲ್ಲೂ ಬರಬಹುದು.

ಫ್ಲೋ ಏಳಲೇ ಇಲ್ಲ ಅಂದರೆ? ಆಗ ಅದರೊಳಗಿನ ಸ್ಕೋಪ್‌ಗೂ ಗೊತ್ತಾಗುವುದಿಲ್ಲ. ಅದಕ್ಕೆ ಗಂಟೆಗೊಮ್ಮೆ ಓಡುವ ಪುಟ್ಟ ಕಾವಲು ಫ್ಲೋ ಮಾಡಿದೆ. 30 ನಿಮಿಷಕ್ಕಿಂತ ಹಳೆಯದಾಗಿ, ಎತ್ತಿಕೊಂಡ ಸಮಯ ಖಾಲಿ ಇರುವ ಚೀಟಿಗಳನ್ನು ಹುಡುಕುತ್ತದೆ. ಸಿಕ್ಕರೆ ಮೇಲ್. ಸಮಯ ಹೋಲಿಸುವಾಗ ಫ್ಲೋನ ಗಡಿಯಾರ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿದೆ ಎಂಬುದು ನೆನಪಿರಲಿ.

ನೇರ ಕರೆ ಉಳಿಸಿಕೊಂಡ ಒಂದೇ ಜಾಗ

ಕೋರಿಕೆಯ ಪಿಡಿಎಫ್ ಬೇಕು ಎಂದು ಒತ್ತಿದವರು ಪರದೆ ನೋಡುತ್ತಾ ಕಾಯುತ್ತಾರೆ. ಅಲ್ಲಿ ಫ್ಲೋವನ್ನು ನೇರವಾಗಿ ಕರೆಯುವುದೇ ಸರಿ. ಆ್ಯಪ್‌ನಿಂದ ಕರೆಯಲೆಂದೇ ಇರುವ ಪವರ್ ಆ್ಯಪ್ಸ್ ವಿ2 ಟ್ರಿಗರ್ ಹಾಕಿ, ಕೋರಿಕೆಯ ಐಡಿ ಒಂದನ್ನೇ ಇನ್‌ಪುಟ್ ಆಗಿ ಕೊಟ್ಟೆ. ಉಳಿದ ವಿವರವನ್ನು ಫ್ಲೋ ತಾನೇ ಲಿಸ್ಟ್‌ನಿಂದ ಓದಿಕೊಂಡು ಪಿಡಿಎಫ್‌ನ ಲಿಂಕ್ ಹಿಂದಿರುಗಿಸುತ್ತದೆ. ಇದು ಕೆಲವೇ ಸೆಕೆಂಡಿನ ಕೆಲಸ.

ರನ್ ಓನ್ಲಿ ಯೂಸರ್ಸ್ (ಫ್ಲೋ ಓಡಿಸಲು ಮಾತ್ರ ಹಕ್ಕಿರುವವರು) ಸೆಟ್ಟಿಂಗ್‌ನಲ್ಲಿ ಕೆಲಸದ ಅಕೌಂಟಿನ ಕನೆಕ್ಷನ್ನೇ ಬಳಸು ಎಂದು ಹೇಳಿದ್ದೇನೆ. ಹಾಗೆ ಮಾಡಿದರೆ ಜವಾಬ್ದಾರಿ ಹೆಚ್ಚುತ್ತದೆ. ಒತ್ತಿದವರಿಗೆ ಇಲ್ಲದ ಹಕ್ಕು ಫ್ಲೋಗೆ ಇರುತ್ತದೆ, ಬೇರೆಯವರ ಐಡಿ ಕಳಿಸಿದರೂ ಪಿಡಿಎಫ್ ಕೊಟ್ಟುಬಿಡುತ್ತದೆ. ಟ್ರಿಗರ್ ಜೊತೆಗೆ ಒತ್ತಿದವರ ಇಮೇಲ್ ಬರುತ್ತದೆ. ಅದು ಕೋರಿಕೆ ಹಾಕಿದವರ ಇಮೇಲ್‌ಗೆ ಹೊಂದದಿದ್ದರೆ ಫ್ಲೋ ಅಲ್ಲೇ ನಿಲ್ಲುತ್ತದೆ. ಇನ್‌ಪುಟ್ ಏನಾದರೂ ಬದಲಿಸಿದರೆ ಆ್ಯಪ್‌ನಲ್ಲಿ ಆ ಫ್ಲೋವನ್ನು ರಿಫ್ರೆಶ್ ಮಾಡಿ, ಇಲ್ಲದಿದ್ದರೆ ಆ್ಯಪ್ ಹಳೆಯ ಲೆಕ್ಕದಲ್ಲೇ ಕರೆಯುತ್ತಿರುತ್ತದೆ.

ಪರೀಕ್ಷೆ

ಈ ಸಲ ನನ್ನ ಅಕೌಂಟ್ ಮುಟ್ಟಲಿಲ್ಲ. ಅತಿ ಕಡಿಮೆ ಹಕ್ಕಿರುವ ಅಕೌಂಟಿನಿಂದ ಎಲ್ಲ ಮಾಡಿದೆ. ಬಟನ್ ಬೇಗಬೇಗ ಐದು ಸಲ ಒತ್ತಿದೆ, ಒಂದೇ ಚೀಟಿ ಬಿತ್ತು. ಸಾಮಾನು ಬರೆಯುವ ಮಧ್ಯೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿದೆ. ಕೆಂಪು ಪಟ್ಟಿ ಬಂತು, ಚೀಟಿ ಬೀಳಲಿಲ್ಲ, ಫ್ಲೋ ಏಳಲಿಲ್ಲ. ನೆಟ್‌ವರ್ಕ್ ಕೊಟ್ಟು ಮತ್ತೆ ಒತ್ತಿದಾಗ ಅದೇ ಕೋರಿಕೆ, ಅದೇ ನಂಬರ್‌ನಲ್ಲಿ ಮುಂದುವರಿಯಿತು. ಫ್ಲೋವನ್ನು ಬೇಕೆಂದೇ ಆಫ್ ಮಾಡಿ ಚೀಟಿ ಹಾಕಿದೆ. ಮುಂದಿನ ಗಂಟೆಯ ಸರದಿಯಲ್ಲಿ ಕಾವಲು ಫ್ಲೋನ ಮೇಲ್ ಬಂತು.

ಕೊನೆಗೆ ಆ ಹಸಿರು ಪಟ್ಟಿಯ ಮಾತು ಬದಲಿಸಿದೆ. "ತಲುಪಿದೆ" ಎಂಬ ಪದ ತೆಗೆದೆ. ಈಗ ಅದು "ಕೋರಿಕೆ ಬರೆದುಕೊಂಡಿದ್ದೇವೆ, ಅಪ್ರೂವಲ್‌ಗೆ ಹೋದಾಗ ಇಲ್ಲೇ ಕಾಣುತ್ತದೆ" ಅನ್ನುತ್ತದೆ, ಪಕ್ಕದಲ್ಲಿ ನಂಬರ್ ಇರುತ್ತದೆ. ಅದರ ಕೆಳಗಿನ ಸಾಲು ಟೈಮರ್ ಸಹಾಯದಿಂದ 15 ಸೆಕೆಂಡಿಗೊಮ್ಮೆ ಸ್ಥಿತಿ ಓದಿ ತೋರಿಸುತ್ತದೆ. ನಾಲ್ಕು ದಿನ ಕಾದವರ ಫೋನಿನಲ್ಲೇ ಮೊದಲ ನಿಜವಾದ ಕೋರಿಕೆ ಹಾಕಿಸಿದೆ. ಇಬ್ಬರೂ ಪರದೆ ನೋಡುತ್ತಾ ಕೂತೆವು. ಮೂರು ನಿಮಿಷದಲ್ಲಿ ಸಾಲು "ಕೈಗೆತ್ತಿಕೊಂಡಿದೆ" ಎಂದಾಯಿತು. ಅವರು ಸ್ಟೋರ್‌ಗೆ ಫೋನ್ ಮಾಡಿ ನಂಬರ್ ಹೇಳಿದರು, ಆ ಕಡೆಯಿಂದ ಅದೇ ನಂಬರ್ ಓದಿ ಹೇಳಿದರು.